ಗುಳಿಗೆ ನುಂಗಿದ ಮೇಲಿನ ಅರ್ಧ ಗಂಟೆ

ಮೂಳೆ ಸವೆತಕ್ಕೆ ವಾರಕ್ಕೊಂದರಂತೆ ಬರೆದುಕೊಡುವ ಅಲೆಂಡ್ರೊನೇಟ್ ಗುಳಿಗೆಯಲ್ಲಿ ಇರುವ ಮದ್ದು 70 ಮಿಲಿಗ್ರಾಂ. ಹೇಳಿದ ಹಾಗೆಯೇ ಬರಿ ಹೊಟ್ಟೆಯಲ್ಲಿ, ಬರಿ ನೀರಿನಲ್ಲಿ ನುಂಗಿದರೂ ಅದರಲ್ಲಿ ರಕ್ತಕ್ಕೆ ಸೇರುವುದು ಶೇ. 1ಕ್ಕಿಂತ ಕಡಿಮೆ, ಅಂದರೆ ಮುಕ್ಕಾಲು ಮಿಲಿಗ್ರಾಂನಷ್ಟೂ ಇಲ್ಲ. ಕಾಫಿಯ ಜೊತೆ ನುಂಗಿದರೆ ಅಷ್ಟರಲ್ಲೂ ಸುಮಾರು ಶೇ. 60 ಖೋತಾ. ತಿಂಡಿ ತಿಂದು ನುಂಗಿದರಂತೂ ಮೂಳೆಯ ಪಾಲಿಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ದುಡ್ಡು ಕೊಟ್ಟು ತಂದ ಮದ್ದು ಹಾಗೇ ಹೊರಗೆ ಹೋಗುತ್ತದೆ. ತಪ್ಪಿದ್ದು ತಕ್ಷಣಕ್ಕೆ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಈ ಗುಳಿಗೆ ನೋವು ಇಳಿಸುವಂಥದ್ದಲ್ಲ. ತಿಂದವರಿಗೆ ಆಯಿತು ಎಂದೂ ಗೊತ್ತಾಗದು, ಆಗಲಿಲ್ಲ ಎಂದೂ ಗೊತ್ತಾಗದು.

ಮೂಳೆ ಒಮ್ಮೆ ಬೆಳೆದು ಹಾಗೇ ನಿಂತುಬಿಡುವ ವಸ್ತುವಲ್ಲ. ನಮ್ಮ ಕರಾವಳಿಯ ಹಂಚಿನ ಮಾಡಿನಂತೆ ಹಳತನ್ನು ಇಳಿಸಿ ಹೊಸತನ್ನು ಹೊದಿಸುವ ಕೆಲಸ ಒಳಗೆ ಯಾವಾಗಲೂ ನಡೆದೇ ಇರುತ್ತದೆ. ಮುಟ್ಟು ನಿಂತ ಮೇಲೆ, ವಯಸ್ಸಾದ ಮೇಲೆ, ವರ್ಷಗಟ್ಟಲೆ ಸ್ಟಿರಾಯ್ಡ್ ತಿಂದ ಮೇಲೆ, ಇಳಿಸುವ ಕೈ ಚುರುಕಾಗುತ್ತದೆ, ಹೊದಿಸುವ ಕೈ ಹಿಂದೆ ಬೀಳುತ್ತದೆ. ಅಲೆಂಡ್ರೊನೇಟ್, ರಿಸೆಡ್ರೊನೇಟ್, ಐಬಾಂಡ್ರೊನೇಟ್ ಗುಂಪಿನ ಮದ್ದುಗಳು ಮೂಳೆಗೆ ಅಂಟಿಕೊಂಡು ಇಳಿಸುವ ಕೈಯನ್ನು ತಡೆಯುತ್ತವೆ. ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ. ಆಚೆಮನೆಯವರ ಮಂಡಿಗೆಂದು ಈಚೆಮನೆಯಿಂದ ಒಂದು ಸ್ಟ್ರಿಪ್ ದಾಟಿಸುವ ಉಪಕಾರ ಬೇಡ.

ಇದರ ಗುರಿ ಒಂದೇ, ಬಿದ್ದಾಗ ಮೂಳೆ ಮುರಿಯದಂತೆ ನೋಡಿಕೊಳ್ಳುವುದು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ, ಆಷಾಢದ ಪಾಚಿ ಹಿಡಿದ ಅಂಗಳದಲ್ಲಿ, ಬೀಳುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಈಗ ಬೆಳಗಿನ ಲೆಕ್ಕ. ಕಾಪು ತಾಲೂಕಿನ ಶಂಕರಪುರದ ಕಡೆಯ ಒಬ್ಬ ಮಲ್ಲಿಗೆ ಬೆಳೆಗಾರ್ತಿಯನ್ನು ಊಹಿಸಿಕೊಳ್ಳಿ. ನಸುಕಿಗೇ ಎದ್ದವರು ಒಂದು ಗುಟುಕು ಚಾ ಕುಡಿದು ಗಿಡದ ಬುಡಕ್ಕೆ ಹೋಗುತ್ತಾರೆ. ವಾರದ ಆ ಒಂದು ದಿನ ಚಾಕ್ಕೆ ಮೊದಲು ಗುಳಿಗೆ. ಒಂದು ದೊಡ್ಡ ಲೋಟ, ಅಂದರೆ ಸುಮಾರು 200 ಮಿಲಿಲೀಟರ್ ನೀರು. ಕುದಿಸಿ ಆರಿಸಿದ ಬಾವಿ ನೀರಾದರೆ ಆಯಿತು. ಜೀರಿಗೆ ನೀರು, ಲಾವಂಚದ ನೀರು, ಅಂಗಡಿಯ ಮಿನರಲ್ ವಾಟರ್, ಹಾಲು, ಎಳನೀರು ಯಾವುದೂ ಬೇಡ. ಜಗಿಯಬಾರದು, ಚೀಪಬಾರದು, ಪುಡಿ ಮಾಡಬಾರದು. ಆಮೇಲೆ ಅರ್ಧ ಗಂಟೆ, ಐಬಾಂಡ್ರೊನೇಟ್ ಆದರೆ ಒಂದು ಗಂಟೆ, ಬೆನ್ನು ನೇರ ಇರಬೇಕು. ಕೂರಬಹುದು, ನಿಲ್ಲಬಹುದು, ನಡೆಯಬಹುದು. ಮಲಗುವಂತಿಲ್ಲ, ಬಗ್ಗಿ ಅಂಗಳ ಗುಡಿಸುವಂತಿಲ್ಲ. ಮೊಗ್ಗು ಕೊಯ್ದು ತಂದಾದ ಮೇಲೆ ಗುಳಿಗೆ ನುಂಗಿ, ನೆಟ್ಟಗೆ ಕೂತು ಬಾಳೆನಾರಿನಲ್ಲಿ ಹೂ ಕಟ್ಟಲು ತೊಡಗಿದರೆ ಅರ್ಧ ಗಂಟೆ ಹೋದದ್ದೇ ತಿಳಿಯದು. ಚಾ ಆಮೇಲೆ.

ಇಷ್ಟು ಬಿಗಿ ಯಾಕೆಂದರೆ ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಡುತ್ತದೆ, ಹುಣ್ಣಾಗುತ್ತದೆ. ಅರ್ಧ ಗುಟುಕು ನೀರಿನಲ್ಲಿ ನುಂಗಿ ಮತ್ತೆ ಹೊದ್ದು ಮಲಗಿದವರಿಗೇ ಇದು ಹೆಚ್ಚು. ನುಂಗುವಾಗ ನೋವು, ಎದೆಯ ನಡುವೆ ಉರಿ ಹೊಸದಾಗಿ ಕಾಣಿಸಿದರೆ ಮುಂದಿನ ಗುಳಿಗೆ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು. ಅನ್ನನಾಳ ಕಿರಿದಾದವರು, ಅರ್ಧ ಗಂಟೆ ಎದ್ದು ಕೂರಲಾಗದವರು ಇದನ್ನು ನುಂಗಲೇಬಾರದು. ಅವರಿಗೆ ಇಂಜೆಕ್ಷನ್ ಇದೆ. ಮೂತ್ರಪಿಂಡದ ಶಕ್ತಿ ತೀರಾ ಕುಗ್ಗಿದವರ ವಿಷಯವೇ ಬೇರೆ, ಅದನ್ನು ಮೊದಲೇ ಹೇಳಿಕೊಳ್ಳಬೇಕು.

ಕ್ಯಾಲ್ಸಿಯಂ ಗುಳಿಗೆಯೂ ಇದೇ ಚೀಟಿಯಲ್ಲಿ ಇರುತ್ತದೆ, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರು ಬಹಳ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಈ ಮದ್ದನ್ನು ಹಿಡಿದುಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೋ ರಾತ್ರಿಗೋ ಇರಲಿ. ಎಲೆಅಡಿಕೆಯ ಸುಣ್ಣವೂ ಕ್ಯಾಲ್ಸಿಯಂ ಎಂಬುದು ಯಾಕೋ ಯಾರಿಗೂ ನೆನಪಾಗುವುದಿಲ್ಲ. ಆ ಅರ್ಧ ಗಂಟೆ ತಾಂಬೂಲವೂ ಕಾಯಲಿ.

ವಾರಕ್ಕೊಂದು ಎಂಬುದನ್ನು ಬಿಪಿ ಗುಳಿಗೆಯ ಹಾಗೆ ದಿನಕ್ಕೊಂದು ಮಾಡಿಕೊಳ್ಳುವುದು ನಿಜವಾದ ಅಪಾಯ. ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ‘ಗುರುವಾರ’ ಎಂದು ಬರೆದಿಟ್ಟರೆ ಸಾಕು. ಆ ಗುರುವಾರ ಏಕಾದಶಿಯಾಗಿ, ನೀರೂ ಮುಟ್ಟದ ಉಪವಾಸವಾದರೆ? ಕೃಷ್ಣಮಠದ ಊರಿನಲ್ಲಿ ಈ ಪ್ರಶ್ನೆ ಏಳಲೇಬೇಕು. ನೀರಿಲ್ಲದೆ ನುಂಗುವುದು ಬೇಡ, ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬಹುದು. ಮರೆತುಹೋದಾಗಲೂ ಹೀಗೆಯೇ: ನೆನಪಾದ ಮರುದಿನ ಬೆಳಿಗ್ಗೆ ಒಂದು, ಮುಂದಿನ ವಾರ ಮತ್ತೆ ಗುರುವಾರಕ್ಕೆ. ಒಂದೇ ದಿನ ಎರಡು ಯಾವತ್ತಿಗೂ ಇಲ್ಲ.

ಇನ್ನು ಹಲ್ಲಿನ ಮಾತು. ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ಮೆಡಿಕಲ್ ಕಾಲೇಜಿದೆ, 1965ರಿಂದ ದಂತ ವೈದ್ಯಕೀಯ ಕಾಲೇಜೂ ಇದೆ. ಒಂದೇ ಊರಿನಲ್ಲಿ ಮೂಳೆಯ ಡಾಕ್ಟರು, ಹಲ್ಲಿನ ಡಾಕ್ಟರು ಇಬ್ಬರೂ ಸಿಗುತ್ತಾರೆ. ಆದರೆ ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಹೇಳಬೇಕಾದವರು ರೋಗಿಗಳೇ. ಈ ಮದ್ದು ತೆಗೆದುಕೊಳ್ಳುವಾಗ ಹಲ್ಲು ಕಿತ್ತರೆ ದವಡೆಯ ಗಾಯ ಮಾಯದೆ ಮೂಳೆ ಹೊರಗೆ ಕಾಣುವ ತೊಂದರೆ 2003ರಿಂದ ವೈದ್ಯರ ಗಮನಕ್ಕೆ ಬಂದಿದೆ. ಹೆಚ್ಚಾಗಿ ಅದು ಕ್ಯಾನ್ಸರಿಗೆಂದು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟವರಲ್ಲಿ. ಮೂಳೆ ಸವೆತಕ್ಕೆ ಗುಳಿಗೆ ತಿನ್ನುವವರಲ್ಲಿ ಸಾವಿರಕ್ಕೆ ಒಬ್ಬರಿಗೂ ಇಲ್ಲ. ಹೆದರಿ ಗುಳಿಗೆ ಬಿಡುವಷ್ಟು ದೊಡ್ಡದಲ್ಲ. ಕೀಳಿಸಬೇಕಾದ ಹಲ್ಲಿದ್ದರೆ ಮದ್ದು ಶುರುಮಾಡುವ ಮೊದಲೇ ಕೀಳಿಸಿಕೊಂಡರೆ ಒಳ್ಳೆಯದು.

ಗುಳಿಗೆಯ ಬದಲು ಇದೇ ಗುಂಪಿನ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ 5 ಮಿಲಿಗ್ರಾಂ ಝೋಲೆಡ್ರೊನಿಕ್ ಆಸಿಡ್ ಕೆಲವರಿಗೆ ಸಲೀಸು. ಮೊದಲ ಸಲ ಜ್ವರ, ಮೈಕೈ ನೋವು ಬರಬಹುದು, ಸಾಮಾನ್ಯವಾಗಿ ಮೂರು ದಿನದಲ್ಲಿ ಇಳಿಯುತ್ತದೆ. ಮಳೆಗಾಲದಲ್ಲಿ ಕಾರ್ಕಳದ ಗದ್ದೆ ಬದಿಯವರಿಗೆ ಮೂರು ದಿನ ಕಳೆದೂ ಜ್ವರ ಬಿಡದಿದ್ದರೆ ಅದನ್ನು ಇಂಜೆಕ್ಷನ್ನಿನ ತಲೆಗೆ ಕಟ್ಟಿ ಮನೆಯಲ್ಲಿ ಕೂರಬಾರದು. ಇಲಿಜ್ವರವೂ ಡೆಂಗಿಯೂ ಅದೇ ಹೊತ್ತಿನಲ್ಲಿ ಓಡಾಡುತ್ತಿರುತ್ತವೆ.

ಎಷ್ಟು ವರ್ಷ? ಅಲೆಂಡ್ರೊನೇಟ್ ಮೂಳೆಯೊಳಗೆ ವರ್ಷಗಟ್ಟಲೆ ಉಳಿಯುವುದರಿಂದ, ಅಪಾಯ ಕಡಿಮೆ ಇರುವವರಿಗೆ ಸುಮಾರು 5 ವರ್ಷದ ನಂತರ ಬಿಡುವು ಕೊಡುವ ಬಗ್ಗೆ ಡಾಕ್ಟರು ಯೋಚಿಸುತ್ತಾರೆ. ಹೆಚ್ಚು ವರ್ಷ ತಿಂದವರಲ್ಲಿ ತೊಡೆಯ ಮೂಳೆ ಅಪರೂಪಕ್ಕೆ ಬಿರುಕು ಬಿಡುತ್ತದೆ. ಬೀಳದೆಯೂ ತೊಡೆಯಲ್ಲೋ ತೊಡೆಸಂದಿಯಲ್ಲೋ ವಾರಗಟ್ಟಲೆ ನೋವಿದ್ದರೆ ಎಕ್ಸ್‌ರೇ ಬೇಕು. ಹಾಗಾಗಿ ಶುರುಮಾಡಿದ ತಿಂಗಳನ್ನು ಫೈಲಿನ ಮೇಲೆ ಬರೆದಿಡಬೇಕು. ಡಾಕ್ಟರು ಬದಲಾದರೂ ತಾರೀಕು ಬದಲಾಗುವುದಿಲ್ಲ.

ಈ ಬಿಡುವಿನ ಮಾತನ್ನು ಕೇಳಿ, ಮೂಳೆ ಸವೆತಕ್ಕೇ 6 ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬನ್ನೂ ನಿಲ್ಲಿಸುವವರಿದ್ದಾರೆ. ಅದು ಬೇರೆ ಜಾತಿಯ ಮದ್ದು, ಮೂಳೆಯಲ್ಲಿ ಉಳಿಯುವುದಿಲ್ಲ. ಅವಧಿ ಮುಗಿದ ಮೇಲೆ ಸವೆತ ಮೊದಲಿಗಿಂತ ವೇಗವಾಗಿ ಮರುಕಳಿಸುತ್ತದೆ, ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿದ ಉದಾಹರಣೆಗಳಿವೆ. ನಿಲ್ಲಿಸಲೇಬೇಕಾದರೆ ಬೇರೊಂದು ಮದ್ದು ಅದರ ಜಾಗಕ್ಕೆ ಬರಬೇಕು. ಅಮ್ಮ ಕಾಪುವಿನಲ್ಲಿ ಒಬ್ಬರೇ, ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇರುವ ಮನೆಗಳಲ್ಲಿ ‘ಮಗ ದೀಪಾವಳಿಗೆ ಬಂದಾಗ ಹಾಕಿಸಿದರಾಯ್ತು’ ಎಂದು ಈ ಇಂಜೆಕ್ಷನ್ ಎರಡು ಮೂರು ತಿಂಗಳು ಮುಂದೆ ಹೋಗುವುದು ಸುಲಭ. ಭಾನುವಾರದ ಫೋನಿನಲ್ಲಿ ಊಟದ ಜೊತೆ ಇಂಜೆಕ್ಷನ್ನಿನ ತಾರೀಕನ್ನೂ ಕೇಳಿ. ಹತ್ತಿರ ಬಂದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಚೆಮನೆಯವರನ್ನೋ ಒಂದು ರಿಕ್ಷಾವನ್ನೋ ಅಲ್ಲಿಂದಲೇ ಗೊತ್ತು ಮಾಡಿ.