ಕಡಲ ಪಾಚಿಗಿಂತ ಮೊದಲು ಉಪ್ಪಿನ ಡಬ್ಬಿ ನೋಡಿ

ಹೋದ ತಿಂಗಳು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಸಾರ್, ಫೋನಿನಲ್ಲಿ ನೋಡಿದೆ, ಕಡಲ ಪಾಚೀಲಿ ಮೊಟ್ಟೆಗಿಂತ ಜಾಸ್ತಿ ಪ್ರೋಟೀನು ಅಂತೆ. ನಮ್ಮ ಎಲ್‌ಎಲ್‌ಸಿ ಕಾಲುವೆ ಪಾಚೀನೂ ತಿನ್ನಬಹುದಾ?" ಕ್ಲಾಸೆಲ್ಲ ನಕ್ಕಿತು. ಆದರೆ ಅದು ನಗುವಂಥ ಪ್ರಶ್ನೆಯಲ್ಲ.

ಕಾಲುವೆ ಪಾಚಿ ತಿನ್ನಬೇಡಿ. ನಿಂತ ನೀರಿನ ಕೆಲವು ಪಾಚಿಗಳಲ್ಲಿ ವಿಷ ಇರುತ್ತದೆ, ಹೊಲಕ್ಕೆ ಹೊಡೆದ ಔಷಧಿಯೂ ಆ ನೀರಿಗೆ ಸೇರುತ್ತದೆ. ಕಡಲ ಪಾಚಿಯ ಮಾತು ಬೇರೆ. ಜಪಾನು, ಕೊರಿಯಾದವರಿಗೆ ಅದು ದಿನದ ಊಟ. ನಮ್ಮ ದೇಶದ ತೀರದಲ್ಲೂ ಎಂಟುನೂರಕ್ಕೂ ಹೆಚ್ಚು ಬಗೆ ಸಿಗುತ್ತವೆ. ತಮಿಳುನಾಡಿನ ರಾಮನಾಥಪುರದ ಕಡೆ ಹೆಣ್ಣುಮಕ್ಕಳು ಕಡಲಿಗಿಳಿದು ಅದನ್ನು ಕೀಳುತ್ತಾರೆ, ಬೆಳೆಸುತ್ತಾರೆ. ಅಂಗಡಿಯ ಚೈನಾ ಗ್ರಾಸ್ ಕೂಡ ಕಡಲ ಪಾಚಿಯಿಂದಲೇ ಬಂದದ್ದು.

ಹಾಗಾದರೆ ಮೊಟ್ಟೆಯ ಲೆಕ್ಕ? ಒಣಗಿಸಿದ ನೋರಿ ಎಂಬ ಪಾಚಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನು ಇರಬಹುದು, ಅದು ಸುಳ್ಳಲ್ಲ. ಆದರೆ ಅದರ ಒಂದು ಹಾಳೆ ತೂಗುವುದು ಸುಮಾರು 3 ಗ್ರಾಂ. ಅಂದರೆ ಸಿಗುವುದು ಹೆಚ್ಚೆಂದರೆ ಒಂದು ಗ್ರಾಮಿನ ಆಸುಪಾಸು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಒಂದು ಹಿಡಿ ಶೇಂಗಾದಲ್ಲಿ ಏಳು ಗ್ರಾಂ. "ನೂರು ಗ್ರಾಮಿನಲ್ಲಿ ಇಷ್ಟು" ಅಂತ ಯಾರಾದರೂ ಹೇಳಿದರೆ, ನಾನು ಒಂದು ಸಲಕ್ಕೆ ಎಷ್ಟು ತಿಂತೀನಿ ಅಂತ ತಿರುಗಿಸಿ ಕೇಳಿ. ಪ್ರೋಟೀನಿಗಾಗಿ ದುಬಾರಿ ಪುಡಿ ಡಬ್ಬಿ ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ಕಡಲ ಪಾಚಿಯ ನಿಜವಾದ ಸಂಪತ್ತು ಅಯೋಡಿನ್. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಅಯೋಡಿನನ್ನು ಕಂಡುಹಿಡಿದದ್ದೇ ಕಡಲ ಪಾಚಿಯ ಬೂದಿಯಲ್ಲಿ. ನಮಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. ಎಪ್ಪತ್ತು ವರ್ಷದ ಬದುಕಿಗೆ ಲೆಕ್ಕ ಹಾಕಿ ನೋಡಿ, ನಾಲ್ಕು ಗ್ರಾಂ ಕೂಡ ಆಗುವುದಿಲ್ಲ, ಒಂದು ಚಮಚಕ್ಕೂ ಕಡಿಮೆ! ಅಷ್ಟೂ ಸಿಗದಿದ್ದರೆ ಕುತ್ತಿಗೆಯಲ್ಲಿ ಗಳಗಂಡ ಬರುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೂ ದೊಡ್ಡದು: ಬಸುರಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಹಾಗಂತ ಅತಿಯಾದರೂ ಕಷ್ಟ. ಕೆಲ್ಪ್ ಎಂಬ ಪಾಚಿಯ ಒಂದೇ ಗ್ರಾಮಿನಲ್ಲಿ ಹತ್ತು ದಿನಕ್ಕಾಗುವಷ್ಟು ಅಯೋಡಿನ್ ಇರಬಹುದು, ಅದು ಥೈರಾಯ್ಡ್ ಗ್ರಂಥಿಯನ್ನೇ ಕೆಡಿಸೀತು.

ಕೌತಾಳದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಮುನ್ನೂರು ಕಿಲೋಮೀಟರಿಗಿಂತ ದೂರ. ಆ ದೂರವನ್ನು ದಾಟಿಸಿದ್ದು ಉಪ್ಪು. ಶ್ರೀಕಾಕುಳಂನಲ್ಲಿ ಹುಟ್ಟಿದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಜನರಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು. ಗಳಗಂಡ ಇಳಿಯಿತು. 1962ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು.

ಇಲ್ಲೇ ನನ್ನ ತಕರಾರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ಸಂತೆಯ ಬಿಡಿ ಹರಳುಪ್ಪೇ ಸಾರಿಗೆ ಬೀಳುತ್ತದೆ. "ಅದೂ ಕಡಲದ್ದೇ ಅಲ್ಲವಾ?" ಅಂತ ನಮ್ಮ ಅಜ್ಜಿಯಂದಿರು ಕೇಳುತ್ತಾರೆ. ಕಡಲದ್ದೇ, ಆದರೆ ಕಡಲ ನೀರಿನಲ್ಲಿ ಅಯೋಡಿನ್ ಬಹಳ ತೆಳುವಾಗಿದೆ. ಪಾಚಿ ಅದನ್ನು ಹೀರಿ ಸಾವಿರಾರು ಪಟ್ಟು ಕೂಡಿಡುತ್ತದೆ, ಉಪ್ಪಿನ ಹರಳು ಕೂಡಿಡುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಬೆರೆಸಬೇಕು. ನೇರವಾಗಿ ತಿನ್ನಲು ಅಯೋಡಿನ್ ಇಲ್ಲದ ಉಪ್ಪು ಮಾರಬಾರದೆಂದು 2006ರಲ್ಲೇ ನಿಯಮ ಬಂದಿದೆ.

ಇವತ್ತು ಸಂಜೆ ಅಡುಗೆಮನೆಗೆ ಹೋಗಿ ನೋಡಿ. ಪೊಟ್ಟಣದ ಮೇಲೆ ಅಯೊಡೈಜ್ಡ್ ಅಂತ ಇದೆಯಾ? ಡಬ್ಬಿಗೆ ಮುಚ್ಚಳ ಇದೆಯಾ, ಒಲೆಯ ಹಬೆ ತಗಲುವ ಜಾಗದಲ್ಲಿದೆಯಾ? ಒದ್ದೆಯಾದರೆ ಅಯೋಡಿನ್ ಹೊರಟುಹೋಗುತ್ತದೆ. ಹೆಚ್ಚು ಉಪ್ಪು ಹಾಕಿ ಅಂತ ಹೇಳುತ್ತಿಲ್ಲ, ಹಾಕುವ ಉಪ್ಪು ಬದಲಿಸಿ ಅಷ್ಟೆ. ಬಿಡಿ ಉಪ್ಪೇ ಇದ್ದರೆ ಅಜ್ಜಿಯ ಹತ್ತಿರ ಜಗಳ ಬೇಡ, ಪಾಚಿಯ ಕಥೆ ಹೇಳಿ. ಖಾಲಿ ಪೊಟ್ಟಣ ನಾಳೆ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತಂದು ತೋರಿಸಿ.