ಬೆವರಿನ ಹಣಕ್ಕೆ ಗಡಿಯಲ್ಲಿ ಸುಂಕವೇಕೆ?

ಸರಕಿಗೆ ಭಾರವಿದೆ. ಅದನ್ನು ಹಡಗಿಗೆ ಏರಿಸಬೇಕು, ಇಳಿಸಬೇಕು, ಗೋದಾಮಿನಲ್ಲಿ ಕಾಯಬೇಕು. ಅದಕ್ಕೆ ಬಾಡಿಗೆ ಕೇಳಿದರೆ ನ್ಯಾಯ. ಆದರೆ ಹಣಕ್ಕೆ ಯಾವ ಭಾರ? ದುಬೈಯಲ್ಲಿ ದುಡಿಯುವವನು ಉಡುಪಿಯ ಮನೆಗೆ ಹಣ ಕಳಿಸಿದನೆಂದರೆ, ಅಲ್ಲಿಯ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ಕಳೆಯಿತು, ಇಲ್ಲಿಯ ಪುಸ್ತಕದಲ್ಲಿ ಒಂದು ಅಂಕಿ ಕೂಡಿತು, ಇಷ್ಟೇ. ನೋಟಿನ ಮೂಟೆ ಹೊತ್ತು ಯಾರೂ ಸಮುದ್ರ ದಾಟುವುದಿಲ್ಲ. ಆದರೂ ಈ ಅಂಕಿಯ ಬದಲಾವಣೆಗೆ ಬಡವನಿಂದ ವಸೂಲು ಮಾಡುವ ಸುಂಕ ಮಾತ್ರ ನಿಂತಿಲ್ಲ. ಇದು ದಾರಿಯ ಖರ್ಚಲ್ಲ, ದಾರಿಗೆ ಅಡ್ಡ ಕಟ್ಟಿದ ಗೇಟಿನ ಖರ್ಚು ಎಂದು ನಾವು ಹೇಳುತ್ತೇವೆ.

ದೇಶದ ಒಳಗೆ ಏನಾಗಿದೆ ನೋಡಿ. ಒಂದು ಕಾಲದಲ್ಲಿ ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ನಮ್ಮ ಹುಡುಗ ಮನಿಯಾರ್ಡರು ಕಳಿಸಬೇಕಾದರೆ ಕಮಿಶನ್ ಕೊಡುತ್ತಿದ್ದ, ಅವನ ತಾಯಿ ಅಂಚೆಯವನಿಗಾಗಿ ಜಗಲಿಯಲ್ಲಿ ಕಾಯುತ್ತಿದ್ದಳು. 2016ರಲ್ಲಿ ಯುಪಿಐ ಬಂದ ಮೇಲೆ ಮಂಗಳೂರಿನಲ್ಲಿ ಮೀನು ಮಾರುವ ಹೆಂಗಸು ಬೀದರಿನಲ್ಲಿ ಓದುವ ಮಗನಿಗೆ ಕ್ಷಣಾರ್ಧದಲ್ಲಿ ಹಣ ಕಳಿಸುತ್ತಾಳೆ, ಒಂದು ಕಾಸೂ ಹೆಚ್ಚಿಗೆ ಕೊಡುವುದಿಲ್ಲ. ಅಂದರೆ ಯಂತ್ರ ಅಗ್ಗವಾಗಿದೆ, ತಂತಿ ಅಗ್ಗವಾಗಿದೆ. ಗಡಿ ದಾಟಿದ ಕೂಡಲೇ ಅದೇ ಯಂತ್ರ ದುಬಾರಿಯಾಗುವುದು ಹೇಗೆ?

ವಿಶ್ವ ಬ್ಯಾಂಕು ಇಟ್ಟ ಲೆಕ್ಕದ ಪ್ರಕಾರ, ಹೊರದೇಶದಿಂದ 200 ಡಾಲರು ಕಳಿಸಲು ಪ್ರಪಂಚದ ಸರಾಸರಿ ಖರ್ಚು ನೂರಕ್ಕೆ 6ಕ್ಕೂ ಮೇಲು. 2009ರಲ್ಲಿ ಇಟಲಿಯ ಲಾಕ್ವಿಲಾದಲ್ಲಿ ಕೂಡಿದ ಶ್ರೀಮಂತ ರಾಷ್ಟ್ರಗಳು ಇದನ್ನು ಐದೇ ವರ್ಷಗಳಲ್ಲಿ 5ಕ್ಕೆ ಇಳಿಸುತ್ತೇವೆಂದು ಮಾತು ಕೊಟ್ಟವು. ಐದು ವರ್ಷ ಕಳೆದುಹೋಯಿತು, ಮಾತು ಉಳಿಯಲಿಲ್ಲ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಮತ್ತೊಂದು ಮಾತು: 2030ರೊಳಗೆ 3ಕ್ಕಿಂತ ಕೆಳಗೆ. ವಾಯಿದೆ ಮುಂದೂಡುವುದರಲ್ಲಿ ಸಾಹುಕಾರನಿಗೂ ಸರಕಾರಗಳಿಗೂ ಭೇದವಿಲ್ಲ. ಕೊಲ್ಲಿ ನಾಡಿನಿಂದ ಭಾರತಕ್ಕೆ ಬರುವ ಹಣಕ್ಕೆ ಖರ್ಚು ಈ ಸರಾಸರಿಗಿಂತ ಕಡಿಮೆ ಎಂದು ವಾದಿಸುವವರಿದ್ದಾರೆ. ನಿಜ. ಆದರೆ ನೆರೆಮನೆಯವನ ಜೇಬಿಗೆ ಹೆಚ್ಚು ಕತ್ತರಿ ಬಿದ್ದಿದೆಯೆಂದು ನಮ್ಮ ಜೇಬಿಗೆ ಬಿದ್ದ ಕತ್ತರಿಯನ್ನು ಮೆಚ್ಚಿಕೊಳ್ಳಬೇಕೆ?

ಕತ್ತರಿ ಬೀಳುವ ರೀತಿಯನ್ನು ದುಡಿಯುವವರು ತಿಳಿಯಬೇಕು. ಲೆಕ್ಕ ಸುಲಭವಾಗಲಿ, ಪೇಟೆಯಲ್ಲಿ ಒಂದು ದಿರ್ಹಮಿನ ನಿಜವಾದ ದರ 24 ರೂಪಾಯಿ ಎಂದು ಇಟ್ಟುಕೊಳ್ಳೋಣ. 1,000 ದಿರ್ಹಮಿಗೆ 24,000 ರೂಪಾಯಿ ಬರಬೇಕು. ಒಬ್ಬ ದಲ್ಲಾಳಿ 20 ದಿರ್ಹಮು ಶುಲ್ಕವೆಂದು ಬಹಿರಂಗವಾಗಿ ಕೇಳುತ್ತಾನೆ. ಅದು 480 ರೂಪಾಯಿ. ಇನ್ನೊಬ್ಬ ‘ಶುಲ್ಕವೇ ಇಲ್ಲ’ ಎಂದು ದೊಡ್ಡ ಹಲಗೆ ಬರೆಸುತ್ತಾನೆ, ಆದರೆ ದರ ಮಾತ್ರ 23 ರೂಪಾಯಿ 20 ಪೈಸೆಯಂತೆ ಕೊಡುತ್ತಾನೆ. ಮನೆಗೆ ಸೇರುವುದು 23,200. ಉಚಿತದ ಹಲಗೆಯ ಕೆಳಗೆ 800 ರೂಪಾಯಿ ಹೋಯಿತು! ಶುಲ್ಕ ಕಣ್ಣಿಗೆ ಕಾಣುತ್ತದೆ, ದರದಲ್ಲಿ ಮುರಿದುಕೊಂಡದ್ದು ಕಾಣುವುದಿಲ್ಲ. ತಕ್ಕಡಿಯ ತಟ್ಟೆಗೆ ಮೇಣ ಅಂಟಿಸುವ ವ್ಯಾಪಾರಿಗೂ ಇವನಿಗೂ ಏನು ವ್ಯತ್ಯಾಸ?

ಇನ್ನೊಂದು ಮಾತು. 20 ದಿರ್ಹಮಿನ ಶುಲ್ಕ 500 ಕಳಿಸುವವನಿಗೆ ನೂರಕ್ಕೆ 4, 10,000 ಕಳಿಸುವವನಿಗೆ ನೂರಕ್ಕೆ ಐದನೆಯ ಒಂದು ಪಾಲು. ತಿಂಗಳ ಕೂಲಿಯಲ್ಲಿ ಉಳಿಸಿ ಉಳಿಸಿ ಕಳಿಸುವವನೇ ಹೆಚ್ಚು ತೆರುತ್ತಾನೆ.

ಇಲ್ಲಿಂದ ಹೊರಗೆ ಹೋಗುವ ಹಣದ ಕಥೆಯೂ ಇದೇ. ನಮ್ಮ ಪೇಟೆಯ ಚಿಕ್ಕ ಅಂಗಡಿಕಾರ ಹೊರದೇಶದಲ್ಲಿ ಓದುವ ಮಗಳಿಗೆ, ಕೆಲಸ ಕಳೆದುಕೊಂಡು ಕೂತ ತಮ್ಮನಿಗೆ ನಾಲ್ಕು ಕಾಸು ಕಳಿಸಬೇಕಾದರೆ, ಪ್ಯಾನ್ ಕಾರ್ಡು, ಎ-2 ಫಾರಮು, ಬ್ಯಾಂಕಿನ ಶುಲ್ಕ, ನಡುವಿನ ಬ್ಯಾಂಕು ಮುರಿದುಕೊಳ್ಳುವ ಪಾಲು, ದರದ ವ್ಯತ್ಯಾಸ, ಇಷ್ಟನ್ನು ದಾಟಬೇಕು. ಮೇಲೆ ಹಣ ಬದಲಾವಣೆಗೆ ಜಿಎಸ್‌ಟಿ. ಕಾನೂನಿನ ಪಟ್ಟಿಯಂತೆ ಲೆಕ್ಕ ಹಾಕಿದರೆ ಈ ತೆರಿಗೆ 5,000 ರೂಪಾಯಿಗೆ 45, ಒಂದು ಕೋಟಿ ರೂಪಾಯಿಗೆ 2,610. ಮೊತ್ತ ಎರಡು ಸಾವಿರ ಪಟ್ಟು, ತೆರಿಗೆ ಐವತ್ತೆಂಟೇ ಪಟ್ಟು! 2004ರಲ್ಲಿ ರಿಜರ್ವ್ ಬ್ಯಾಂಕು ವರ್ಷಕ್ಕೆ 25,000 ಡಾಲರು ಹೊರಗೆ ಕಳಿಸಬಹುದೆಂದಿತು; 2015ರಲ್ಲಿ ಅದು 2,50,000ಕ್ಕೆ ಏರಿತು. ಧನವಂತನಿಗೆ ಬಾಗಿಲು ಹತ್ತು ಪಟ್ಟು ಅಗಲವಾಯಿತು. 200 ಡಾಲರು ಕಳಿಸುವವನ ಕಿಂಡಿ ಯಾವಾಗ ಅಗಲವಾದೀತು?

ಅಮೆರಿಕದ ಸರಕಾರವಂತೂ ನಾಚಿಕೆಯನ್ನೇ ಬಿಟ್ಟಿದೆ. 2025ರ ಜುಲೈಯಲ್ಲಿ ಮಾಡಿದ ಕಾನೂನಿನಂತೆ, 2026ರ ಜನವರಿ 1ರಿಂದ ಅಲ್ಲಿಂದ ಹೊರಗೆ ಹಣ ಕಳಿಸುವವರಿಗೆ ನೂರಕ್ಕೆ 1ರ ತೆರಿಗೆ. ಆದರೆ ಎಲ್ಲರಿಗೂ ಅಲ್ಲ. ಅಲ್ಲಿಯ ಬ್ಯಾಂಕಿನ ಖಾತೆಯಿಂದ, ಕಾರ್ಡಿನಿಂದ ಕಳಿಸಿದವನಿಗೆ ಇಲ್ಲ. ಕೈಯಲ್ಲಿ ನಗದು ಹಿಡಿದು ಹೋದವನಿಗೆ ಇದೆ. ನಗದು ಹಿಡಿದು ಹೋಗುವವನು ಯಾರೆಂದು ಬಿಡಿಸಿ ಹೇಳಬೇಕೆ?

ಈ ಸಣ್ಣ ಸುಂಕದಿಂದ ಯಾರಿಗೇನು ನಷ್ಟ ಎನ್ನುವವರು ರಿಜರ್ವ್ ಬ್ಯಾಂಕಿನ ಲೆಕ್ಕ ನೋಡಲಿ. 2023-24ರಲ್ಲಿ ಹೊರಗಿರುವ ನಮ್ಮವರು ದೇಶಕ್ಕೆ ಕಳಿಸಿದ್ದು 11,870 ಕೋಟಿ ಡಾಲರು. ಅದರಲ್ಲಿ ಕರ್ನಾಟಕದ ಪಾಲು ನೂರಕ್ಕೆ 7.7. ಸುಂಕದಲ್ಲಿ ನೂರಕ್ಕೆ ಒಂದೇ ಒಂದು ಇಳಿದರೂ ನಮ್ಮ ರಾಜ್ಯದ ಮನೆಗಳಿಗೆ ವರ್ಷಕ್ಕೆ 9 ಕೋಟಿ ಡಾಲರು ಉಳಿಯುತ್ತದೆ. ಅದು ಶಾಲೆಯ ಫೀಸು, ಔಷಧಿ, ಸೋರುವ ಮಾಡಿಗೆ ಹೊಸ ಹೆಂಚು. ಈ ಹಣ ನಮ್ಮ ಪೇಟೆಯ ಅಂಗಡಿಯಲ್ಲೇ ಖರ್ಚಾಗುವ ಹಣ. ಆದ್ದರಿಂದ ಇದು ಕಾರ್ಮಿಕನ ಪ್ರಶ್ನೆ ಮಾತ್ರವಲ್ಲ, ಚಿಲ್ಲರೆ ವ್ಯಾಪಾರಿಯ ಪ್ರಶ್ನೆಯೂ ಹೌದು.

ಕಳ್ಳಹಣ ತಡೆಯುವ ತಪಾಸಣೆಗೆ ಖರ್ಚಿದೆ ಎಂದು ಬ್ಯಾಂಕಿನವರು ಹೇಳುತ್ತಾರೆ. ತಪಾಸಣೆ ಬೇಕು, ನಾವು ಒಪ್ಪುತ್ತೇವೆ. ಆದರೆ 2023ರ ಫೆಬ್ರವರಿ 21ರಂದು ನಮ್ಮ ಯುಪಿಐಗೂ ಸಿಂಗಾಪುರದ ಪೇನೌಗೂ ಸೇತುವೆ ಕಟ್ಟಲಿಲ್ಲವೆ? ದಿನಕ್ಕೆ 60,000 ರೂಪಾಯಿಯವರೆಗೆ ಫೋನಿನಿಂದ ಫೋನಿಗೆ ಎರಡೂ ಕಡೆ ಹಣ ಹೋಗುವ ವ್ಯವಸ್ಥೆ ತಪಾಸಣೆಯೊಡನೆಯೇ ಆಯಿತಲ್ಲ! ಅದೇ ವರ್ಷದ ಜುಲೈಯಲ್ಲಿ ಅರಬ್ ಸಂಯುಕ್ತ ಸಂಸ್ಥಾನಗಳ ಕೇಂದ್ರ ಬ್ಯಾಂಕಿನೊಡನೆಯೂ ಇಂಥ ಜೋಡಣೆಗೆ ರಿಜರ್ವ್ ಬ್ಯಾಂಕು ಸಹಿ ಹಾಕಿದೆ. ಸಹಿಯ ಬೆಲೆ ನಾವು ಅಳೆಯುವುದು ಫೋಟೋದಿಂದಲ್ಲ. ದುಡಿಯುವವನು ಕಳಿಸಿದ ನೂರರಲ್ಲಿ ಮನೆಗೆ ಎಷ್ಟು ಸೇರಿತು ಎಂಬುದರಿಂದ. ಕಾನೂನಿನ ದಾರಿ ದುಬಾರಿಯಾದಷ್ಟೂ ಹವಾಲದವನ ಬಾಗಿಲಿನಲ್ಲಿ ಜನ ಹೆಚ್ಚುತ್ತಾರೆ. ಅಲ್ಲಿ ಹಣ ಮುಳುಗಿದರೆ ಕೇಳಲು ಕಾಗದವಿಲ್ಲ, ಕೋರ್ಟಿಲ್ಲ.

ನಮ್ಮ ಕರಾವಳಿ ಬ್ಯಾಂಕುಗಳ ತವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದು ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿತು. ಎರಡಾಣೆಗಾಗಿ ಹೊಸ್ತಿಲು ತುಳಿದದ್ದು ಅವಮಾನವೆನಿಸಲಿಲ್ಲ. 1969ರಲ್ಲಿ ಅದು ರಾಷ್ಟ್ರದ ಸ್ವತ್ತಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಹೆಸರು ಹೋದರೆ ಹೋಗಲಿ, ಆ ಬುದ್ಧಿಯೂ ಹೋಗಬೇಕೆ?

ನಮ್ಮ ಬೇಡಿಕೆಗಳು ಇವು. ಒಂದು: ಹಣ ಕಳಿಸುವ ಪ್ರತಿ ಕೌಂಟರಿನಲ್ಲೂ ಆ ಹೊತ್ತಿನ ಪೇಟೆಯ ದರ, ತಾನು ಕೊಡುವ ದರ, ಕೊನೆಗೆ ಕೈಗೆ ಸೇರುವ ಮೊತ್ತ, ಈ ಮೂರನ್ನೂ ಕಳಿಸುವವನ ಭಾಷೆಯಲ್ಲಿ ಬರೆದಿಡಬೇಕು. ಎರಡು: ಕುಟುಂಬಕ್ಕೆ ಕಳಿಸುವ ಸಣ್ಣ ಮೊತ್ತಕ್ಕೆ ರಾಷ್ಟ್ರೀಕೃತ ಬ್ಯಾಂಕುಗಳು ಶುಲ್ಕ ತೆಗೆದುಕೊಳ್ಳಬಾರದು, ದರದಲ್ಲಿ ಮುರಿಯಬಾರದು. ಮೂರು: ಸಣ್ಣ ಮೊತ್ತದ ಮೇಲಿನ ಕನಿಷ್ಠ ಜಿಎಸ್‌ಟಿ ರದ್ದಾಗಬೇಕು. ನಾಲ್ಕು: ಸಿಂಗಾಪುರಕ್ಕೆ ಕಟ್ಟಿದಂಥ ಸೇತುವೆ ಕುವೈತು, ಬಹರೈನು, ಮಸ್ಕತ್ತು, ಸೌದಿಯ ಕಾರ್ಮಿಕರಿಗೂ ಸಿಗಬೇಕು.

ಬೇಡಿಕೆ ಈಡೇರುವವರೆಗೆ ಬಂಧುಗಳು ಎಚ್ಚರವಾಗಿರಲಿ. ‘ಶುಲ್ಕ ಎಷ್ಟು’ ಎಂದು ಕೇಳಬೇಡಿ, ‘ನಾನು ಇಷ್ಟು ಕೊಟ್ಟರೆ ಮನೆಗೆ ಎಷ್ಟು ಸೇರುತ್ತದೆ’ ಎಂದು ಕೇಳಿ. ಒಂದೇ ದಿನ, ಒಂದೇ ಹೊತ್ತಿಗೆ ಮೂರು ಕಡೆ ವಿಚಾರಿಸಿ. ನಾಲ್ಕು ಸಲ ಚೂರುಚೂರಾಗಿ ಕಳಿಸುವ ಬದಲು ಸಾಧ್ಯವಾದರೆ ಒಮ್ಮೆ ಕಳಿಸಿ. ರಸೀದಿ ಇಟ್ಟುಕೊಳ್ಳಿ. ಊರಿನಲ್ಲಿರುವವರು ಆ ರಸೀದಿಗಳನ್ನು ಸಂಘಕ್ಕೆ ತನ್ನಿ. ಯಾರು ಎಷ್ಟು ಮುರಿದರೆಂದು ಒಟ್ಟಿಗೆ ಕೂತು ಲೆಕ್ಕ ಹಾಕೋಣ. ಒಬ್ಬನ 800 ರೂಪಾಯಿಗೆ ಮ್ಯಾನೇಜರ ಎದ್ದು ನಿಲ್ಲುವುದಿಲ್ಲ. ಸಾವಿರ ಜನರ ರಸೀದಿ ಮೇಜಿನ ಮೇಲೆ ಬಿದ್ದರೆ ನಿಲ್ಲಲೇಬೇಕು.