ಟಿಕೆಟ್ಟಿಗೆ ಉತ್ಸವ, ಕಂಡಕ್ಟರಿಗೆ ಬಾಕಿ

2025ರ ಜುಲೈ 14ರಂದು ಬೆಂಗಳೂರಿನಲ್ಲಿ ಶಕ್ತಿ ಯೋಜನೆಯ 500 ಕೋಟಿಯ ಟಿಕೆಟ್ಟನ್ನು ಸ್ವತಃ ಮುಖ್ಯಮಂತ್ರಿಗಳೇ ಕೊಟ್ಟರು. ಸಂಭ್ರಮ ನಡೆದು ಮೂರು ವಾರ. ಆಗಸ್ಟ್ 5ರಂದು, ದಿನಾ ಆ ಟಿಕೆಟ್ ಕೊಡುವವರೇ ಮುಷ್ಕರ ಹೂಡಿದರು. ಕೇಳಿದ್ದರಲ್ಲಿ ಮುಖ್ಯವಾದದ್ದು, 2020ರ ಜನವರಿಯಿಂದ 38 ತಿಂಗಳ ವೇತನ ಹೆಚ್ಚಳದ ಬಾಕಿ. ಹೈಕೋರ್ಟು ತಡೆದ ಮೇಲೆ ಮುಷ್ಕರ ನಿಂತಿತು. ಅಷ್ಟರಲ್ಲಿ ಅನೇಕ ಊರುಗಳಲ್ಲಿ ಪ್ರಯಾಣಿಕರು ಸ್ಟ್ಯಾಂಡಿನಲ್ಲೇ ಉಳಿದಿದ್ದರು.

ಹೆಂಗಸರಿಗೆ ಉಚಿತ ಪ್ರಯಾಣ ಒಳ್ಳೆಯದೇ, ಎರಡು ಮಾತಿಲ್ಲ. ಆದರೆ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನುಗ್ಗಿ, ಸೊನ್ನೆ ರೂಪಾಯಿ ಟಿಕೆಟ್ಟಿಗೂ ಲೆಕ್ಕ ತಪ್ಪದಂತೆ ನೋಡಬೇಕಾದವನು ಕಂಡಕ್ಟರ್. ಅವನಿಗೆ ಸಿಗಬೇಕಾದ ಲೆಕ್ಕ ಮಾತ್ರ ವರ್ಷಗಟ್ಟಲೆ ತಪ್ಪಿದರೆ?

ಬೋರ್ಡಿಗೆ ಹೊಸ ಬಣ್ಣ ಹೊಡೆಸಿ ಆಳಿನ ಸಂಬಳ ಉಳಿಸಿಕೊಂಡ ಅಂಗಡಿಯಲ್ಲಿ, ತಕ್ಕಡಿ ಹಿಡಿದವನ ಮುಖ ಹೇಗಿರುತ್ತೆ ಅಂತ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಿಲ್ಲ. ಗಿರಾಕಿ ಬೋರ್ಡು ನೋಡಿ ಒಮ್ಮೆ ಬಂದಾನು. ಮತ್ತೆ ಬರೋದು ಆ ಮುಖ ನೋಡಿ.

ಬಸ್ಸಿಗೂ ಅದೇ ಮಾತು. ‘ಬನ್ನಿ ಅಮ್ಮ, ನಿಧಾನಕ್ಕೆ ಹತ್ತಿ’ ಅನ್ನೋ ಕಂಡಕ್ಟರು, ಕೈ ತೋರಿಸಿದಲ್ಲಿ ನಿಲ್ಲಿಸೋ ಡ್ರೈವರು, ಇವರಿಗಿಂತ ದೊಡ್ಡ ಜಾಹೀರಾತು ಯಾವ ಸಂಸ್ಥೆಗೂ ಇಲ್ಲ. ಮುಂದಿನ ಸಮಾರಂಭದ ಶಾಮಿಯಾನಕ್ಕೆ ಮುಂಗಡ ಕೊಡುವ ಮುಂಚೆ ಸರ್ಕಾರ ನೌಕರರ ಲೆಕ್ಕದ ಪುಸ್ತಕ ಒಮ್ಮೆ ತೆರೆದು ನೋಡಲಿ.